ಲಾಲ್‌ಬಾಗಿನ ಮಳೆಗೆ ಲೆಕ್ಕ ಇಡಿ: ತೋಟಗಾರಿಕೆ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ತೋಟಗಾರಿಕೆ ಸಚಿವರೇ,

ನಮಸ್ಕಾರ. ಲಾಲ್‌ಬಾಗಿನ ಅಭಿವೃದ್ಧಿ ಎಂದಾಗ ಪ್ರವೇಶದ್ವಾರ, ಕಾರಂಜಿ, ಪಾರ್ಕಿಂಗ್, ದೀಪಾಲಂಕಾರದ ಮಾತೇ ಮೊದಲು ಬರುತ್ತದೆ. ನಾನು ಕೇಳುತ್ತಿರುವುದು ಉದ್ಘಾಟನೆಗೆ ಒದಗದ ಒಂದು ಕೆಲಸ. ಈ ತೋಟದ ಮೇಲೆ ಬೀಳುವ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಅಳೆಯಿಸಿ. ಆ ಲೆಕ್ಕವನ್ನು ನೋಡಿಯೇ ಇನ್ನು ಮುಂದಿನ ಪ್ರತಿ ಕಾಮಗಾರಿಗೂ ಒಪ್ಪಿಗೆ ಕೊಡಿ.

ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸಿನ ಮಳೆ. ಲಾಲ್‌ಬಾಗ್ 240 ಎಕರೆ. ಗುಣಿಸಿ ನೋಡಿದರೆ ಸುಮಾರು 94 ಕೋಟಿ ಲೀಟರ್ ನೀರು ಪೈಸೆ ಖರ್ಚಿಲ್ಲದೆ ತೋಟದೊಳಗೆ ಬಂದು ಬೀಳುತ್ತದೆ. ಕಾವೇರಿಯನ್ನಾದರೋ ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ತರುತ್ತೇವೆ. 2024ರ ಬೇಸಿಗೆಯಲ್ಲಿ ಕೈತೋಟಕ್ಕೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಬೇಕಾಯಿತು. ಅಂಥ ಊರಿನ ಅತಿ ದೊಡ್ಡ ತೋಟಗಳಲ್ಲೊಂದು ತನ್ನ ಮೇಲೆ ಬಿದ್ದ ಮಳೆಯನ್ನು ಚರಂಡಿಗೆ ಬಿಡಬಾರದು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಇಲ್ಲವೆಂದೇ ಹೇಳಬೇಕು. ಮುಂಗಾರು, ಹಿಂಗಾರುಗಳಲ್ಲಿ ಮಣ್ಣು ಮತ್ತು ಕೆರೆ ಹಿಡಿದಿಟ್ಟದ್ದರಲ್ಲೇ ಮರಗಳು ಆ ನಾಲ್ಕು ತಿಂಗಳು ಕಳೆಯಬೇಕು.

ಹಿಡಿದಿಡಲು ಬೇಕಾದ ನೆಲ ಲಾಲ್‌ಬಾಗಿನಲ್ಲಿದೆ. 1760ರಲ್ಲಿ ಹೈದರಾಲಿ ಶುರುಮಾಡಿದಾಗ ತೋಟ 40 ಎಕರೆಯಷ್ಟಿತ್ತು. ಇಂದು ಅದರೊಳಗೆ 300 ಕೋಟಿ ವರ್ಷಕ್ಕೂ ಹಳೆಯದಾದ ಬಂಡೆಯಿದೆ, ಒಂದು ಕೆರೆಯೂ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಆ ಬಂಡೆಯೊಳಕ್ಕೆ ಮಳೆ ಇಳಿಯುವುದಿಲ್ಲ, ಅಷ್ಟೂ ನೀರು ಸುತ್ತಲಿನ ಇಳಿಜಾರಿಗೆ ಹರಿದುಬರುತ್ತದೆ. ಅಲ್ಲಿ ಬದು, ಇಂಗುಗುಂಡಿ, ಹುಲ್ಲು ಬೆಳೆದ ತಗ್ಗು ಕಾಲುವೆಗಳಿದ್ದರೆ ನೀರು ನಿಧಾನವಾಗಿ ಇಂಗಿ, ಮಿಕ್ಕದ್ದು ಕೆರೆ ಸೇರುತ್ತದೆ. ಸಿಮೆಂಟ್ ಹಾಸಿದರೆ ಅದೇ ನೀರು ಮಣ್ಣು ಕೊಚ್ಚಿಕೊಂಡು ನೇರ ಕೆರೆಗೆ ನುಗ್ಗಿ ಹೂಳು ತುಂಬಿಸುತ್ತದೆ. ಕೆರೆ ಕಟ್ಟಿ, ಕೋಡಿ ತೂಬು ಇಟ್ಟು ನೀರಾಳಿದ ನಾಡಿನವರಿಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಿಲ್ಲ.

ಕಾಲುದಾರಿಗಳ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕಿದೆ. ಮರದ ಬೇರು ಪಾತಾಳಕ್ಕೆ ಇಳಿದಿರುತ್ತದೆ ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ನೀರು, ಆಹಾರ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲಿ, ಅವು ಕೊಂಬೆಗಳ ಹರವನ್ನು ದಾಟಿ ಆಚೆಗೂ ಹಬ್ಬಿರುತ್ತವೆ. ಅವಕ್ಕೆ ನೀರಿನಷ್ಟೇ ಗಾಳಿಯೂ ಬೇಕು. ಕಾಂಕ್ರೀಟಿನ ಮೇಲೆ ಕೂರಿಸಿದ ಟೈಲ್ಸ್ ಎರಡನ್ನೂ ತಡೆಯುತ್ತದೆ. ಜನರ ಕಾಲ್ತುಳಿತವೂ ಅಷ್ಟೇ ಕೆಟ್ಟದ್ದು, ಒದ್ದೆ ಮಣ್ಣಾದರೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ಬರುವುದು ಮಳೆಗಾಲದ ನಡುವೆಯೇ, ಬರುವ ಜನ ಲಕ್ಷಗಟ್ಟಲೆ. ಪ್ರದರ್ಶನ ನಿಲ್ಲಿಸಿ ಎನ್ನುತ್ತಿಲ್ಲ. ಅದು ಈ ಊರಿನ ಸಂಭ್ರಮ, ಮಕ್ಕಳು ಗಿಡದ ಹೆಸರು ಕೇಳುವ ದಿನ. ಆದರೆ ಹಳೆಯ ಬಿಳಿ ಬೂರುಗ, ಮಾವು, ಅರೋಕೇರಿಯಾಗಳ ಬುಡದ ಸುತ್ತ ಬೇರು ಹರಡಿರುವಷ್ಟೂ ಜಾಗಕ್ಕೆ ಬೇಲಿ ಹಾಕಿ ತರಗೆಲೆ ಮುಚ್ಚಿಡಿ. ಜನಸಂದಣಿ ಸಾಗುವ ದಾರಿಯನ್ನು ಅಲ್ಲಿಂದ ತಿರುಗಿಸಿ. ಹೊಸ ದಾರಿಗೆ ಗಾರೆಯಿಲ್ಲದೆ ಮರಳಿನ ಮೇಲೆ ಕೂರಿಸಿದ ಕಲ್ಲೋ, ನೀರು ಬಸಿಯುವ ಜಲ್ಲಿಯೋ ಸಾಕು.

ಸಂಸ್ಕರಿಸಿದ ಕೊಳಚೆ ನೀರು ಬಳಸಿದರೆ ಎಲ್ಲ ಮುಗಿಯಿತು ಎಂಬ ಸಮಾಧಾನವೂ ಬೇಡ. ಅದನ್ನು ಬಳಸಲೇಬೇಕು, ನಿಜ. ಆದರೆ ಅದರಲ್ಲಿ ಉಳಿದ ಸಾರಜನಕ, ರಂಜಕ ಕೆರೆ ಸೇರಿದರೆ ಪಾಚಿ ಹಬ್ಬುತ್ತದೆ, ಲವಣ ಮಣ್ಣಿನಲ್ಲಿ ವರ್ಷ ವರ್ಷ ಸೇರುತ್ತಾ ಹೋಗುತ್ತದೆ. ಆದ್ದರಿಂದ ನೀರನ್ನೂ ಮಣ್ಣನ್ನೂ ತಪ್ಪದೆ ಪರೀಕ್ಷಿಸಬೇಕು, ಫಲಿತಾಂಶ ಗೇಟಿನ ಫಲಕದಲ್ಲಿ ಕಾಣಬೇಕು.

ಸಿಂಗಪುರದಲ್ಲಿ 2012ರಲ್ಲಿ ತೆರೆದ ಗಾರ್ಡನ್ಸ್ ಬೈ ದ ಬೇ ನೋಡಿ ಬಂದವರು ಅಲ್ಲಿನ ಉಕ್ಕಿನ ದೈತ್ಯ ಮರಗಳ ಬಗ್ಗೆ ಹೇಳುತ್ತಾರೆ. ನಮಗೆ ಬೇಕಾದ ಪಾಠ ಅಲ್ಲಿನ ಕೆರೆಗಳಲ್ಲಿದೆ. ತೋಟದಿಂದ ಹರಿದ ನೀರು ಜಲಸಸ್ಯಗಳ ನಡುವೆ ಸೋಸಿಕೊಂಡೇ ಜಲಾಶಯ ಸೇರುತ್ತದೆ. ಕತ್ತರಿಸಿದ ರೆಂಬೆಕೊಂಬೆಗಳನ್ನು ಉರಿಸಿ ಬಂದ ಶಕ್ತಿಯನ್ನು ಗಾಜಿನ ಮನೆಗಳನ್ನು ತಂಪಾಗಿಡಲು ಬಳಸುತ್ತಾರೆ. ನಮ್ಮ 1889ರ ಗಾಜಿನ ಮನೆಗೆ ಅಂಥ ಯಂತ್ರ ಬೇಕಿಲ್ಲ, ನಮ್ಮ ಹವೆ ಸಾಕು. ರೆಂಬೆ, ತರಗೆಲೆ ಗೊಬ್ಬರವಾಗಿ ಅದೇ ಮಣ್ಣಿಗೆ ಮರಳಿದರೆ ಆಯಿತು.

ದೀಪಾಲಂಕಾರದ ಪ್ರಸ್ತಾವ ಬಂದರೆ ದಯವಿಟ್ಟು ಬೇಡ ಎನ್ನಿ. ಬಿಳಿ ಬೂರುಗದ ಹೂವಿಗೆ ಪರಾಗ ಮುಟ್ಟಿಸುವುದು ಬಾವಲಿಗಳು, ಅವುಗಳಿಗೆ ಕತ್ತಲೆ ಬೇಕು.

ಹಿಂದೆ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್ ಒಂದು ಜಾತಿಯ ಮರ ಹೂ ಉದುರಿಸುವಾಗ ಇನ್ನೊಂದು ಅರಳುವಂತೆ ಊರಿಗೆ ಮರ ಆರಿಸಿದರು. ವರ್ಷವಿಡೀ ಮುಂದಾಲೋಚಿಸುವ ಆ ರೀತಿ ಇಂದು ನೀರಿನ ವಿಷಯಕ್ಕೂ ಬೇಕು. 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆ ಜಮೀನಿಗೆ ರಕ್ಷಣೆ ಕೊಟ್ಟಿದೆ. 2025ರಲ್ಲಿ ಲಾಲ್‌ಬಾಗಿನ ಜಾಗಕ್ಕೂ ಕೈಹಾಕಲಿದ್ದ ಸುರಂಗ ರಸ್ತೆಯ ವಿಷಯ ಬಂದಾಗ ಜನ ಲಾಲ್‌ಬಾಗಿಗಾಗಿ ದನಿಯೆತ್ತಿದರು. ಬೇಲಿಯೊಳಗಿನ ಮಣ್ಣನ್ನು ಉಳಿಸುವುದು ಮಾತ್ರ ನಿಮ್ಮ ಇಲಾಖೆಯ ಕೈಯಲ್ಲೇ ಇದೆ.

ಹಾಗಾಗಿ ಮುಂದಿನ ಫಲಪುಷ್ಪ ಪ್ರದರ್ಶನದೊಳಗೆ ಮೂರು ಅಂಕಿ ಪ್ರಕಟಿಸಿ: 240 ಎಕರೆಯಲ್ಲಿ ನೀರು ಇಂಗದಂತೆ ಮುಚ್ಚಿರುವ ನೆಲ ಎಷ್ಟು, ಕೊಳವೆಬಾವಿ, ಕಾವೇರಿ, ಸಂಸ್ಕರಿಸಿದ ನೀರು ಇವುಗಳಿಂದ ದಿನಕ್ಕೆ ಪಡೆಯುವುದು ಎಷ್ಟೆಷ್ಟು, ಮಳೆಯಲ್ಲಿ ತೋಟದ ಗಡಿ ದಾಟಿ ಹೋಗುವುದು ಎಷ್ಟು. ಅಲ್ಲಿಯವರೆಗೆ ಹೊಸ ಕಾಂಕ್ರೀಟ್ ಕಾಮಗಾರಿಯ ಯಾವ ಕಡತಕ್ಕೂ ಸಹಿ ಹಾಕಬೇಡಿ.

ಇಂತಿ,
ಲಾಲ್‌ಬಾಗಿನ ನೆರಳಲ್ಲಿ ನಡೆಯುವ ಒಬ್ಬ ನಾಗರಿಕ