ವೈವಾ ಮುಗಿಯಿತು, ಈಗ ನೀರುಗಂಟಿಗಳಿಗೆ ವಂದನೆ

ಪಿಎಚ್.ಡಿ ಕೊನೆಗೂ ಮುಗಿಯಿತು. ಕೂತು ಬರೆದದ್ದು ಬೆಂಗಳೂರಿನ ನಾಗರಬಾವಿಯಲ್ಲಿರುವ ಸಮಾಜ-ಅರ್ಥ ವಿಷಯಗಳ ಸಂಶೋಧನಾ ಸಂಸ್ಥೆ ಐಸೆಕ್‌ನಲ್ಲಿ, ಪದವಿ ಮೈಸೂರು ವಿಶ್ವವಿದ್ಯಾಲಯದ್ದು. ಥೀಸಿಸ್ಸಿನ ಮೊದಲ ಪುಟಗಳಲ್ಲಿ ಕೃತಜ್ಞತೆ ಇಂಗ್ಲಿಷಿನಲ್ಲಿದೆ. ಅದನ್ನು ಓದದವರ ಋಣವೇ ನನ್ನ ಮೇಲೆ ಹೆಚ್ಚಿರುವುದರಿಂದ ಇಲ್ಲಿ ಇನ್ನೊಮ್ಮೆ ಬರೆಯುತ್ತಿದ್ದೇನೆ.

ನನ್ನ ವಿಷಯ ಮೈಸೂರಿನ ಸುತ್ತಲ ಜನಗಣತಿ ಪಟ್ಟಣಗಳು. ಜನಸಂಖ್ಯೆ 5,000 ದಾಟಿ, ಚದರ ಕಿಲೋಮೀಟರಿಗೆ 400 ಜನರಿದ್ದು, ದುಡಿಯುವ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟಿದ್ದರೆ ಜನಗಣತಿಯವರು ಆ ಊರನ್ನು ಪಟ್ಟಣ ಅನ್ನುತ್ತಾರೆ. ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದೇ. ನಾಲ್ಕಂತಸ್ತಿನ ಮನೆ, ಪಿ.ಜಿ., ಬೇಕರಿ ಎಲ್ಲ ಇರುತ್ತವೆ, ಒಳಚರಂಡಿ ಇರುವುದಿಲ್ಲ.

ಇಂಥ ಊರುಗಳ ಪೈಪ್‌ಲೈನ್ ನಕ್ಷೆ ಕೇಳಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದೆ, ಸಿಗಲಿಲ್ಲ. ಕೊನೆಗೆ ಕೊಟ್ಟವರು ಒಬ್ಬ ನೀರುಗಂಟಿ. ವಾಲ್ವ್ ತಿರುಗಿಸುವ ಕೀಲಿಯಿಂದಲೇ ಮಣ್ಣಿನ ಮೇಲೆ ಗೀಚಿದರು: ಇದು ಹಳೇ ಊರಿನ ಲೈನು, ಇಲ್ಲಿಂದಾಚೆ ಲೇಔಟಿನವರು ಎಳೆದುಕೊಂಡದ್ದು, ಈ ಕಡೇ ಬೀದಿಗೆ ಪ್ರೆಶರ್ ಹತ್ತೋದಿಲ್ಲ ಸಾರ್. ನಾಲ್ಕನೇ ಅಧ್ಯಾಯ ನಿಂತಿರುವುದು ಆ ಗೀಟುಗಳ ಮೇಲೆ. ಅಕ್ಕಪಕ್ಕದ ಊರುಗಳ ನೀರುಗಂಟಿಗಳಿಗೆ ಫೋನ್ ಮಾಡಿ, ನಾನು ಬರುತ್ತೇನೆಂದು ಹೇಳಿಟ್ಟವರೂ ಅವರೇ.

ಬಿಲ್ ಕಲೆಕ್ಟರ್ ಮೇಡಂ ಕಂದಾಯದ ವಹಿ ಬಿಚ್ಚಿ, ಯಾವ ಸೈಟಿಗೆ ಕ್ರಮಬದ್ಧ ಆಸ್ತಿಗೆ ಕೊಡುವ ನಮೂನೆ 9 ಮತ್ತು 11ಎ ಸಿಗುತ್ತದೆ, ಯಾವುದು ಕ್ರಮಬದ್ಧವಲ್ಲದ ಆಸ್ತಿಯ 11ಬಿಯಲ್ಲೇ ಉಳಿಯುತ್ತದೆ, ಯಾಕೆ ಎಂದು ಪಾಠ ಮಾಡಿದರು. ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಬಿಡಿಸಿ ಬರೆದದ್ದನ್ನು ನಾನು ಕಂಡಿಲ್ಲ.

ನಡುವೆ ಕೋವಿಡ್ ಬಂತು. 2021ರ ಜನಗಣತಿ ಮುಂದಕ್ಕೆ ಹೋಯಿತು, 2011ರ ಅಂಕಿಗಳನ್ನೇ ನೆಚ್ಚಿಕೊಳ್ಳಬೇಕಾಯಿತು. ಅಷ್ಟರಲ್ಲಿ ನನ್ನ ಪಟ್ಟಣಗಳಲ್ಲೊಂದಾದ ಹೂಟಗಳ್ಳಿ ನಗರಸಭೆಯಾಯಿತು. ನನ್ನ ಅರ್ಧ ಬರೆದ ಅಧ್ಯಾಯ ಹಳೇ ಕಥೆಯಾಯಿತು ಅಂತ ತಲೆ ಮೇಲೆ ಕೈಹೊತ್ತು ಕೂತಿದ್ದಾಗ ಗೈಡ್ ಹೇಳಿದರು, ಬೋರ್ಡು ಬದಲಾಗಿದೆ, ಚರಂಡಿ ಬದಲಾಗಿದೆಯಾ ನೋಡಿಕೊಂಡು ಬಾ. ಕಡೇ ಅಧ್ಯಾಯ ಹುಟ್ಟಿದ್ದು ಹಾಗೆ. ಡ್ರಾಫ್ಟಿನ ಅಂಚಿನಲ್ಲೆಲ್ಲ ‘ಯಾರ ಪ್ರಕಾರ?’ ಎಂದು ಕೆಂಪು ಇಂಕಿನಲ್ಲಿ ಬರೆಯುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ನಾನೂ ಜೂನಿಯರ್‌ಗಳ ಡ್ರಾಫ್ಟಿನಲ್ಲಿ ಅದನ್ನೇ ಬರೆಯುತ್ತೇನೆ.

ಐಸೆಕ್ 1972ರಲ್ಲಿ ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಂಸ್ಥೆ, ಲೈಬ್ರರಿಗೂ ಅವರದೇ ಹೆಸರು. ಅಲ್ಲಿನ ಸಿಬ್ಬಂದಿ ಹಳೇ ಜನಗಣತಿ ಸಂಪುಟಗಳನ್ನೂ ಪ್ರಾದೇಶಿಕ ಅಸಮತೋಲನದ ಬಗೆಗಿನ 2002ರ ನಂಜುಂಡಪ್ಪ ಸಮಿತಿ ವರದಿಯನ್ನೂ ಬೇಸರಿಸದೆ ಮತ್ತೆ ಮತ್ತೆ ತೆಗೆದುಕೊಟ್ಟರು. ಆ ವರದಿ ರಾಜ್ಯದ ಅಂದಿನ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತ್ತು. ದೊಡ್ಡ ಕೆಲಸವೇ. ಆದರೆ ತಾಲ್ಲೂಕಿನ ಸರಾಸರಿಯೊಳಗೆ ಅದರ ಅಂಚಿನ ಊರುಗಳು ಮರೆಯಾಗುತ್ತವೆ ಅನ್ನುವುದು ನನ್ನ ತಕರಾರು.

ಫೆಲೋಶಿಪ್ ಮುಗಿದ ಮೇಲೆ ಮನೆ ನಡೆದದ್ದು ಹೆಂಡತಿಯ ಸಂಬಳದಲ್ಲಿ. ಇದನ್ನು ಇಲ್ಲಿ ಬರೆಯಬೇಡ ಅಂದಿದ್ದಳು.

ಥೀಸಿಸ್ಸಿನ ಕನ್ನಡ ಸಾರಾಂಶ ಸಿದ್ಧವಾಗುತ್ತಿದೆ. ಮಾತಾಡಿಸಿದ ಪ್ರತಿ ಪಂಚಾಯಿತಿಗೂ ನಾನೇ ತಂದುಕೊಡುತ್ತೇನೆ. ನೀರು ಬಿಡುವ ಹೊತ್ತಿಗೆ ಮಾತ್ರ ಬರುವುದಿಲ್ಲ, ಆಗ ಯಾರಿಗೂ ಪುರುಸೊತ್ತಿರುವುದಿಲ್ಲ ಅಂತ ಗೊತ್ತು.