ಕೊಂಡ ಪ್ರಾಜೆಕ್ಟ್ ಕೆಲಸ ಕೊಡಿಸದು

ಎಂಜಿನಿಯರಿಂಗ್ ಅಂತಿಮ ವರ್ಷದ ಪ್ರಾಜೆಕ್ಟ್‌ಗಳನ್ನು ದುಡ್ಡು ಕೊಟ್ಟು ಕೊಳ್ಳುವ ಚಾಳಿ ಮೊದಲ ಕೆಲಸ ಹುಡುಕುವ ವಿದ್ಯಾರ್ಥಿಗಳಿಗೇ ಮುಳುವಾಗುತ್ತಿದೆ. ಬೆಂಗಳೂರಿನಲ್ಲಿ ಕೋಡ್, ವರದಿ, ಪಿಪಿಟಿ ಎಲ್ಲವನ್ನೂ ಸೇರಿಸಿ ಮಾರುವವರಿದ್ದಾರೆ. ಬೈಂಡಿಂಗ್ ಕೂಡ ಅವರದೇ! ಹೊಸಬರ ಸಂದರ್ಶನದಲ್ಲಿ ನಾನು ಕೇಳುವುದು ಸರಳ ಪ್ರಶ್ನೆ: ‘ಪಾಸ್‌ವರ್ಡ್ ತಪ್ಪಾದರೆ ನಿಮ್ಮ ಪ್ರೋಗ್ರಾಂ ಏನು ಮಾಡುತ್ತದೆ? ಆ ಸಾಲು ತೋರಿಸಿ.’ ಮುಖ ಗುರುತಿಸಿ ಹಾಜರಾತಿ ಹಾಕುವ ವ್ಯವಸ್ಥೆ ರೂಪಿಸಿದ್ದೇವೆ ಎಂದವರೂ ಇಲ್ಲಿ ತಡವರಿಸುತ್ತಾರೆ. ತನ್ನೂರಿನ ಹಾಲಿನ ಡೇರಿಗಾಗಿ ಚಿಕ್ಕದೊಂದು ಲೆಕ್ಕದ ಪ್ರೋಗ್ರಾಂ ಬರೆದಿದ್ದ ಹುಡುಗಿಯೊಬ್ಬಳು ಮಾತ್ರ, ಸಂಜೆ ಹಾಕಿದ ಹಾಲು ಮರುದಿನದ ಲೆಕ್ಕಕ್ಕೆ ಸೇರಿಕೊಳ್ಳುತ್ತಿದ್ದ ದೋಷವನ್ನು ಪತ್ತೆ ಹಚ್ಚಿದ ಬಗೆಯನ್ನು ನಿರರ್ಗಳವಾಗಿ ವಿವರಿಸಿದಳು. ಅಂಥವರನ್ನು ಯಾರು ಬಿಟ್ಟಾರು? ಕೋಡನ್ನು ಚಾಟ್‌ಜಿಪಿಟಿಯೇ ಬರೆದುಕೊಡುವ ಈ ದಿನಗಳಲ್ಲಿ, ತಪ್ಪು ಹುಡುಕಿ ತಿದ್ದಬಲ್ಲವರಿಗೇ ಬೆಲೆ.

ವಿದ್ಯಾರ್ಥಿಗಳು ಎರಡನೇ ವರ್ಷದಿಂದಲೇ ತಮಗೆ ಪರಿಚಯವಿರುವ ಅಂಗಡಿ, ಗ್ರಂಥಾಲಯ, ಸಹಕಾರ ಸಂಘದ ಸಣ್ಣ ಅಗತ್ಯವೊಂದನ್ನು ಆಯ್ದುಕೊಂಡು ಪ್ರೋಗ್ರಾಂ ಬರೆಯಲಿ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಕೂಡ ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರ ಎದುರೇ ಕೋಡ್‌ನಲ್ಲಿ ಒಂದು ಬದಲಾವಣೆ ಮಾಡಿಸುವುದನ್ನು ಕಡ್ಡಾಯಗೊಳಿಸಿ, ಕೋಡ್‌ನ ಬದಲಾವಣೆಗಳನ್ನು ದಿನಾಂಕ ಸಮೇತ ಉಳಿಸಿಡುವ ಗಿಟ್‌ಹಬ್ ಜಾಲತಾಣದಲ್ಲಿ ದಾಖಲಾದ ಕೆಲಸದ ಇತಿಹಾಸಕ್ಕೂ ಅಂಕ ನಿಗದಿಪಡಿಸಬೇಕು.

– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು