ಹಳೆಯ ಮಣಿ ಕೊಳ್ಳುವ ಮುನ್ನ

ಮಾನ್ಯ ಸಂಪಾದಕರೇ,

ಈಗ ಆನ್‌ಲೈನಿನಲ್ಲಿ ‘ಎರಡು ಸಾವಿರ ವರ್ಷ ಹಳೆಯ ರೋಮನ್ ಮಣಿ’ ಎಂದು ಗಾಜಿನ ಸರಗಳನ್ನು ಮಾರುತ್ತಾರೆ. ನೋಡಲು ಚಂದ, ನನಗೂ ಆಸೆಯಾಗುತ್ತದೆ. ಆದರೆ ಅದು ಯಾವ ಊರಿನ ಮಣ್ಣಿನದು, ಯಾರ ಸಮಾಧಿಯದು ಎಂದು ಕೇಳುವವರು ಕಡಿಮೆ.

ಟರ್ಕಿಯ ಉಲುಬುರುನ್ ಎಂಬಲ್ಲಿ ಸಮುದ್ರದಡಿ ಸಿಕ್ಕ ಹಡಗನ್ನೇ ನೋಡಿ. ಅದು ಮುಳುಗಿದ್ದು ಸುಮಾರು 3,300 ವರ್ಷಗಳ ಹಿಂದೆ. 1982ರಲ್ಲಿ ಸಮುದ್ರದ ಸ್ಪಂಜು ಹುಡುಕುತ್ತಿದ್ದ ಮುಳುಗುಗಾರನೊಬ್ಬನ ಕಣ್ಣಿಗೆ ಬಿತ್ತು. 1984ರಿಂದ 1994ರವರೆಗೆ ಪುರಾತತ್ವಜ್ಞರು, 40 ಮೀಟರಿಗೂ ಜಾಸ್ತಿ ಆಳದಲ್ಲಿ, ಯಾವ ವಸ್ತು ಎಲ್ಲಿತ್ತೆಂದು ಗುರುತು ಹಾಕಿಕೊಂಡೇ ಮೇಲೆತ್ತಿದರು. ಉತ್ತರ ಯುರೋಪಿನ ಬಾಲ್ಟಿಕ್ ಕಡೆಯ ಅಂಬರ್ (ಕಲ್ಲಿನಂತೆ ಗಟ್ಟಿಯಾದ ಮರದ ಅಂಟು) ಮಣಿಗಳು, ಈಜಿಪ್ಟಿನ ರಾಣಿ ನೆಫರ್ಟಿಟಿಯ ಹೆಸರು ಕೆತ್ತಿದ, ಜೀರುಂಡೆ ಆಕಾರದ ಚಿನ್ನದ ತಾಯಿತ, ಕಡುನೀಲಿ ಗಾಜಿನ ಗಟ್ಟಿಗಳು, ಎಲ್ಲವೂ ಒಂದೇ ಹಡಗಿನಲ್ಲಿ! ಅಂದಿನ ವ್ಯಾಪಾರ ಎಷ್ಟು ದೂರ ಹಬ್ಬಿತ್ತೆಂದು ಇದರಿಂದ ಕಣ್ಣಿಗೆ ಕಟ್ಟುತ್ತದೆ. ಅದೇ ಮಣಿಗಳನ್ನು ಯಾರೋ ಕದ್ದು ಬಿಡಿಬಿಡಿಯಾಗಿ ಮಾರಿದ್ದರೆ ಸುಮ್ನೆ ಒಂದು ಸರ ಉಳಿಯುತ್ತಿತ್ತು, ಅಲ್ವಾ?

ಕೊಳ್ಳುವವರು ದಯವಿಟ್ಟು ಮಣಿ ಎಲ್ಲಿ ಸಿಕ್ಕಿತು, ಕಾನೂನು ಪ್ರಕಾರ ಹೊರಬಂತೇ ಎಂಬ ದಾಖಲೆ ಕೇಳಿ. ಇಲ್ಲವೆಂದರೆ ಬಿಟ್ಟುಬಿಡಿ.

– ಓದುಗರೊಬ್ಬರು, ಮೈಸೂರು